ಬುಟ್ಟಿ ಇಲ್ಲದ ಶಾಲೆ

ಕಸದ ಬುಟ್ಟಿಗಳು ಮಾಯವಾದ ದಿನ ಅಕ್ಕನಿಗೆ ಮೊದಲು ಅನುಮಾನ ಬಂದದ್ದು ಕಳ್ಳರ ಮೇಲೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹೈಸ್ಕೂಲಿನ ತರಗತಿಗಳ ಬಾಗಿಲು ತೆಗೆಯುವವಳು ಅವಳೇ. ಎಂಟನೆಯ ತರಗತಿಯಲ್ಲಿ ಬುಟ್ಟಿ ಇಲ್ಲ. ಒಂಬತ್ತರಲ್ಲಿ ಇಲ್ಲ. ಹತ್ತರಲ್ಲೂ ಇಲ್ಲ. ಅಂಚು ಒಡೆದು, ತಳ ಸವೆದ ಪ್ಲಾಸ್ಟಿಕ್ ಬುಟ್ಟಿಗಳನ್ನು ಕದಿಯುವಷ್ಟು ಬರಗೆಟ್ಟವನು ಯಾರಪ್ಪ ಎಂದುಕೊಂಡು ಪೊರಕೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗುಡಿಸತೊಡಗಿದಳು. ಕಳ್ಳ ಬಂದು ಹೋದನೆಂದು ಧೂಳು ತಾನಾಗಿ ಎದ್ದು ಹೋಗುವುದಿಲ್ಲವಲ್ಲ.

ಕಳ್ಳ ಪ್ರಾರ್ಥನೆಯ ಹೊತ್ತಿಗೆ ಸಿಕ್ಕಿಬಿದ್ದ. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹೆಡ್‌ಮಾಸ್ತರೇ ಅವನು.

"ಮಕ್ಕಳೇ, ಇವತ್ತಿನಿಂದ ನಮ್ಮದು ಕಸವಿಲ್ಲದ ಶಾಲೆ," ಎಂದರು ಅವರು. "ಬುಟ್ಟಿ ಇದ್ದರೆ ತಾನೇ ಅದನ್ನು ತುಂಬಿಸೋ ಆಸೆ? ಬುಟ್ಟಿಯೇ ಇಲ್ಲದಿದ್ದರೆ ಕಸ ಮಾಡುವ ಯೋಚನೆಯೇ ಬರುವುದಿಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದರು. ಬಿಸಿಲಲ್ಲಿ ನಿಂತ ಮಕ್ಕಳು ಮಾತು ಮುಗಿಯಿತು ಎನಿಸಿದರೆ ಯಾವುದಕ್ಕೂ ಚಪ್ಪಾಳೆ ತಟ್ಟುತ್ತಾರೆ.

ಹೆಡ್‌ಮಾಸ್ತರಿಗೆ ಮಕ್ಕಳು ಇಟ್ಟ ಹೆಸರು ಹಸಿರು ಸಾರ್. ಅಂಗಿ ಹಸಿರು, ಪೆನ್ನಿನ ಮುಚ್ಚಳ ಹಸಿರು, ಮೂಗಿನ ಮೇಲಿನ ಕನ್ನಡಕದ ಚೌಕಟ್ಟೂ ಹಸಿರು. ಬರಿಯ ತೋರಿಕೆ ಎಂದೂ ಹೇಳುವ ಹಾಗಿರಲಿಲ್ಲ. ರಜೆಯ ದಿನವೂ ಬಂದು ಗಿಡಗಳಿಗೆ ನೀರು ಹಾಕುತ್ತಿದ್ದರು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಇರುವೆ ಸಾಲು ಕಂಡರೆ ದಾಟಿ ಹೋಗುತ್ತಿದ್ದರು. ಅದೇ ಸಾಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನೆಲ ಒರೆಸುತ್ತಿದ್ದ ಅಕ್ಕನ ಒದ್ದೆ ನೆಲದ ಮೇಲೆ ಮಾತ್ರ ಬೂಟುಗಾಲಿನಲ್ಲಿ ನಡೆದುಬಿಡುತ್ತಿದ್ದರು. ಬೇಕೆಂದೇನೂ ಅಲ್ಲ. ಇರುವೆ ಕಾಣಿಸುತ್ತಿತ್ತು, ಅವಳು ಕಾಣಿಸುತ್ತಿರಲಿಲ್ಲ.

ಅವಳನ್ನು ಶಾಲೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಅಕ್ಕ ಎಂದೇ. ಅವಳಿಗಿಂತ ಎಷ್ಟೋ ದೊಡ್ಡವರಾದ ಲೆಕ್ಕದ ಮೇಷ್ಟ್ರೂ ಅಕ್ಕ ಎನ್ನುತ್ತಿದ್ದರು. ಅವಳನ್ನು ಅಮ್ಮ ಎನ್ನುವವಳು ಆ ಶಾಲೆಯಲ್ಲಿ ಒಬ್ಬಳೇ. ಒಂಬತ್ತನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಅವಳ ಮಗಳು.

ಬುಟ್ಟಿ ಹೋಯಿತು, ಕಸ ಹೋಗಲಿಲ್ಲ. ಅದಕ್ಕೆ ಹೊಸ ಹೊಸ ಮನೆಗಳು ಸಿಕ್ಕವು. ಬಿಸ್ಕತ್ತಿನ ಹೊದಿಕೆ ಕಿಟಕಿಯ ಸರಳಿನ ಸಂದಿಗೆ ಸೇರಿತು. ಪೆನ್ಸಿಲಿನ ಸಿಪ್ಪೆ ಡೆಸ್ಕಿನ ತೂತಿಗೆ ಇಳಿಯಿತು. ಬಾಳೆಹಣ್ಣಿನ ಸಿಪ್ಪೆ ಹೆಡ್‌ಮಾಸ್ತರು ಪ್ರೀತಿಯಿಂದ ಇಟ್ಟ ಹೂಕುಂಡದ ಎಲೆಗಳ ಕೆಳಗೆ ಅಡಗಿ ಕೂತಿತು. ಶಿಕ್ಷಕರ ಕೋಣೆಯಲ್ಲಿ ಚಹಾದ ಕಾಗದದ ಲೋಟಗಳು ಬೀರುವಿನ ಹಿಂದೆ ಒಂದರ ಮೇಲೊಂದು ಗೋಪುರ ಕಟ್ಟಿದವು. ಮೊದಲು ಬುಟ್ಟಿ ಎತ್ತಿ ಬಗ್ಗಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಅಕ್ಕ ನೆಲಕ್ಕೆ ಕೆನ್ನೆ ತಾಗಿಸಿ ಬೀರುವಿನ ಹಿಂದೆ ಕೈ ಹಾಕಬೇಕಾಗಿತ್ತು. ಡೆಸ್ಕಿನ ತೂತಿನಲ್ಲಿ ಬೆರಳು ತೂರಿಸಿ ಕೆರೆಯಬೇಕಾಗಿತ್ತು. ಉಗುರಿನ ಬುಡ ಹರಿಯಿತು. ಒಂದು ದಿನ ತೂತಿನಿಂದ ಬ್ಲೇಡು ಬಂತು, ಬೆರಳಿನ ಜೊತೆಗೇ.

"ಮಿಸ್, ಒಂದು ಬುಟ್ಟಿನಾದ್ರೂ ಕೊಡ್ಸಿ," ಎಂದಳು ಅವಳು ವಿಜ್ಞಾನದ ಮಿಸ್ಸಿಗೆ. ಪರಿಸರ ಸಂಘ ನೋಡಿಕೊಳ್ಳುತ್ತಿದ್ದವರು ಅವರೇ. ಬಟ್ಟೆ ಸುತ್ತಿದ ಅವಳ ಬೆರಳನ್ನು ಹಿಡಿದುಕೊಂಡು ಮಿಸ್ಸು ಪಾಪ ಎಂದರು. ಆಮೇಲೆ ಬಾಗಿಲ ಕಡೆ ನೋಡಿದರು. "ಸ್ಪರ್ಧೆ ಮುಗಿಯೋ ತನಕ ತಡ್ಕೋ ಅಕ್ಕ. ನೋಡೋಕೆ ಬರೋರಿಗೆ ಒಂದು ಬುಟ್ಟಿ ಕಂಡ್ರೂ ನಂಬರು ಹೋಗುತ್ತಂತೆ."

ಕಸವಿಲ್ಲದ ಶಾಲೆಗಳ ಸ್ಪರ್ಧೆ ಅದು. ಗೆದ್ದರೆ ಗೇಟಿಗೆ ಹಸಿರು ಫಲಕ ಬರುತ್ತದೆ. ಫಲಕ ಬಂದರೆ ಹೆಡ್‌ಮಾಸ್ತರು ಬೇರೆ ಶಾಲೆಗಳಿಗೆ ಹೋಗಿ ಭಾಷಣ ಮಾಡಬಹುದು.

ಆ ವಾರದಲ್ಲೇ ಅವರು ಅಕ್ಕನನ್ನು ಕರೆಸಿದರು.

"ಅಕ್ಕ, ನಾಳೆಯಿಂದ ಕಸದ ಗಾಡಿ ಬರಲ್ಲ."

"ಯಾಕೆ ಸಾರ್, ಮುಷ್ಕರನಾ?"

"ಇಲ್ಲ, ನಾನೇ ಬೇಡ ಅಂದೆ. ಗಾಡಿಯವನು ಎಲ್ಲಾ ಶಾಲೆಗಳ ಕಸ ತೂಗ್ತಾನೆ. ಆ ತೂಕ ಸ್ಪರ್ಧೆಯವರಿಗೆ ಹೋಗುತ್ತೆ. ನಮ್ಮದು ಸೊನ್ನೆ ಇರ್ಬೇಕು."

"ಸರಿ ಸಾರ್. ಕಸ ಏನ್ ಮಾಡ್ಲಿ?"

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ನೀವು ಹೋಗುವಾಗ ಹಿಂದಿನ ಗೇಟಿಂದ ನಿಮ್ಮ ಕಡೆ ತಗೊಂಡು ಹೋಗಿಬಿಡಿ. ಅಲ್ಲಿ ಹೇಗೂ ಇರುತ್ತಲ್ಲ."

ಹೇಗೂ ಎಂಬ ಮಾತನ್ನು ಅವರು ಬಹಳ ಸಲೀಸಾಗಿ ಹೇಳಿದರು. ಮಳೆಗಾಲದಲ್ಲಿ ಹೇಗೂ ಕೆಸರಿರುತ್ತದೆ ಎನ್ನುವ ಹಾಗೆ.

ಅಕ್ಕ ಬಾಯಿ ತೆರೆಯುವ ಮೊದಲೇ ಅವರು ಕೇಳಿದರು, "ಮಗಳು ಚೆನ್ನಾಗಿ ಓದ್ತಿದ್ದಾಳಾ? ಒಳ್ಳೆ ಮಾತುಗಾರ್ತಿ. ಮುಂದಿನ ವರ್ಷದ ಸೀಟಿನ ಚಿಂತೆ ನಿಮಗೆ ಬೇಡ. ನಾನಿದ್ದೀನಿ."

ಶಾಲೆಯ ಕೆಲಸದವರ ಮಕ್ಕಳಿಗೆ ಫೀಸು ಇರಲಿಲ್ಲ. ಆದರೆ ಪ್ರತಿ ವರ್ಷ ಹೆಡ್‌ಮಾಸ್ತರು ಹೂಂ ಅನ್ನಬೇಕು. ಆ ಹೂಂ ಎನ್ನುವುದರ ಮೇಲೆ ಅಕ್ಕನ ಮನೆ ನಿಂತಿತ್ತು. ತೆರೆದ ಬಾಯನ್ನು ಮುಚ್ಚಿಕೊಂಡು ಬಂದಳು.

ಮರುದಿನದಿಂದ ಅವಳ ತಲೆಯ ಮೇಲೆ ಚೀಲ ಏರಿತು.

ತುಂಬಿದ ಗೋಣಿಚೀಲವನ್ನು ಒಬ್ಬಳೇ ತಲೆಗೆ ಏರಿಸುವುದಕ್ಕೆ ಒಂದು ಪಟ್ಟು ಬೇಕು. ಗೋಡೆಗೆ ಒರಗಿಸಬೇಕು, ಮಂಡಿ ಕೊಡಬೇಕು, ಉಸಿರು ಬಿಗಿಹಿಡಿದು ಕುತ್ತಿಗೆ ಒಳಗೆ ತೂರಿಸಬೇಕು. ಕಾಗದವೇನೋ ಹಗುರ. ಉಂಡು ಬಿಟ್ಟದ್ದು ಹಗುರವಲ್ಲ, ಚಹಾದ ಚರಟ ಹಗುರವಲ್ಲ. ಅದರ ನೀರು ಗೋಣಿಯಿಂದ ಜಿನುಗಿ, ಕಿವಿಯ ಹಿಂದಿನಿಂದ ಇಳಿದು, ರವಿಕೆಯೊಳಗೆ ದಾರಿ ಮಾಡಿಕೊಳ್ಳುತ್ತಿತ್ತು. ಎರಡೂ ಕೈ ಚೀಲಕ್ಕೆ ಸಿಕ್ಕಿಕೊಂಡಿರುವಾಗ ಒರೆಸಿಕೊಳ್ಳುವುದು ಹೇಗೆ? ಹಿಂದಿನ ಗೇಟು ದಾಟಿ, ರಸ್ತೆ ದಾಟಿ, ಅಂಗಡಿ ಸಾಲಿನ ಬೆನ್ನಿಗಿದ್ದ ಓಣಿಗೆ ಬರುವಷ್ಟರಲ್ಲಿ ಅವಳ ಬೆನ್ನು ತೊಪ್ಪೆಯಾಗುತ್ತಿತ್ತು. ಮನೆಗೆ ಬಂದವಳು ಮೊದಲು ತಲೆ ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ಮಗಳ ಪಕ್ಕ ಕೂರುವಾಗ ಒಂದು ಗೇಣು ದೂರ ಕೂರುತ್ತಿದ್ದಳು. ಮಗಳೇ ಜರುಗಿ ಬಂದು ಅಂಟಿಕೊಳ್ಳುತ್ತಿದ್ದಳು.

ಓಣಿಯಲ್ಲಿದ್ದವರೆಲ್ಲ ಇಂಥ ಕೆಲಸದವರೇ. ಗುಡಿಸುವವರು, ಮೋರಿ ತೆಗೆಯುವವರು, ಮೂಟೆ ಹೊರುವವರು. ಊರೆಲ್ಲ ತಿರುಗುವ ಕಸದ ಗಾಡಿ ಆ ಓಣಿಗೆ ಬರುತ್ತಿರಲಿಲ್ಲ. ದಾರಿ ಇಕ್ಕಟ್ಟು ಎಂಬುದು ಅದರ ನೆಪ. ಆದರೂ ಓಣಿಯವರು ತಮ್ಮ ಕಸವನ್ನು ದೊಡ್ಡ ರಸ್ತೆಯವರೆಗೆ ಹೊತ್ತು ತಾವೇ ಗಾಡಿಗೆ ಹಾಕಿ ಬರುತ್ತಿದ್ದರು. ಶಾಲೆಯ ಚೀಲವನ್ನು ಹಾಗೆ ಹಾಕುವಂತಿರಲಿಲ್ಲ. ಹೆಸರು ಅಚ್ಚಾದ ಕಾಗದ ಕಂಡರೆ ಗಾಡಿಯವನು ಶಾಲೆಯ ಲೆಕ್ಕಕ್ಕೆ ತೂಗಿಬಿಡುತ್ತಾನೆ. ಅದಕ್ಕೇ ಅದು ಓಣಿಯ ಕೊನೆಯ ನಲ್ಲಿಯ ಪಕ್ಕದಲ್ಲಿ ರಾಶಿಯಾಯಿತು.

"ಬಂತು ನೋಡ್ರೇ, ಓದಿದೋರ ಕಸ," ಎನ್ನುತ್ತಿದ್ದಳು ಪಕ್ಕದ ಮನೆಯ ಅಜ್ಜಿ, ದಿನಾ ಹೊಸದೆಂಬಂತೆ. "ಓದಿದೋರ ಕಸ ನಾರಲ್ಲ ಅಂದ್ಕೊಂಡಿದ್ದೆ. ನಮ್ಮದಕ್ಕಿಂತ ಜೋರಾಗೇ ನಾರ್ತದೆ. ಓದಿನ ಮಹಿಮೆ."

"ಸ್ಪರ್ಧೆ ಮುಗಿಯೋ ತನಕ ಅಜ್ಜಿ."

"ಮುಗಿಯೋ ತನಕ ನಾನಿರ್ಬೇಕಲ್ಲ. ನಲ್ಲಿ ನೀರು ಹಿಡಿಯೋಕೆ ಮೂಗು ಹಿಡಿದ್ರೆ ಕೊಡ ಹಿಡಿಯೋಕೆ ಕೈ ಇಲ್ಲ. ಕೊಡ ಹಿಡಿದ್ರೆ ಮೂಗಿಗೆ ಇಲ್ಲ. ಇನ್ನೊಂದು ಕೈ ಎಲ್ಲಿಂದ ತರ್ಲಿ ನಾನು?"

ಅಕ್ಕ ನಗುತ್ತಿದ್ದಳು. ನಕ್ಕರೆ ಅಜ್ಜಿಯ ಸಿಟ್ಟು ಅರ್ಧ ಇಳಿಯುತ್ತಿತ್ತು. ಉಳಿದರ್ಧ ನ್ಯಾಯವಾದದ್ದೇ ಎಂದು ಅವಳಿಗೂ ಗೊತ್ತಿತ್ತು. ಕಾಗದದ ಲೋಟಗಳು ಮೋರಿಗೆ ಇಳಿದು ಕೂತವು. ಮೋರಿಯ ನೀರು ಎರಡು ಮನೆಗಳ ಹೊಸ್ತಿಲು ಹತ್ತಿತು. ಹೊಸ್ತಿಲಿನವರು ಅಕ್ಕನ ಜೊತೆ ಮಾತು ಬಿಟ್ಟರು. ಮಗಳ ಓದಿಗೋಸ್ಕರ ತಡೆದುಕೊಳ್ಳಿ ಎಂದು ಕೇಳಲು ಹೋದರೆ, ನಮ್ಮ ಮನೆಯಲ್ಲೂ ಮಕ್ಕಳಿವೆ ಎಂದು ಬಾಗಿಲು ಹಾಕಿಕೊಂಡರು.

ಹೀಗಿರುವಾಗ ಒಂದು ಸಂಜೆ ಮಗಳು ಕುಣಿಯುತ್ತ ಬಂದಳು.

"ಅಮ್ಮ, ಸ್ಪರ್ಧೆಗೆ ವಿಡಿಯೋ ಮಾಡ್ತಾರೆ. ಮಾತಾಡೋಳು ನಾನು. ಮೈಕ್ ಹಿಡ್ಕೊಂಡು ಜನಗಳನ್ನ ಪ್ರಶ್ನೆ ಕೇಳೋದು. ಅಧ್ಯಕ್ಷೆನೇ ಹೇಳಿದ್ಲು, ನನಗಿಂತ ನೀನೇ ಚೆನ್ನಾಗಿ ಮಾತಾಡ್ತೀಯ ಅಂತ."

ಅಧ್ಯಕ್ಷೆ ಎಂದರೆ ಪರಿಸರ ಸಂಘದ ಅಧ್ಯಕ್ಷೆ. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳೂ ಆ ಸಂಘದವರೇ, ಇವಳೂ ಅದೇ ತರಗತಿಯ ಹುಡುಗಿ. ಇಸ್ತ್ರಿ ಮುರಿಯದ ಸಮವಸ್ತ್ರ, ಎದೆಯ ಮೇಲೆ ಎಲೆಯ ಆಕಾರದ ಹಸಿರು ಬಿಲ್ಲೆ.

"ಎಲ್ಲಿ ಮಾಡ್ತಾರೆ?" ಎಂದಳು ಅಕ್ಕ, ಮಗಳ ಜಡೆ ಬಿಚ್ಚುತ್ತ.

ಮಗಳ ಕುಣಿತ ನಿಂತಿತು. "ಮಾಲಿನ್ಯ ಇರೋ ಜಾಗದಲ್ಲಿ. ಅರಿವು ಮೂಡಿಸ್ಬೇಕಂತೆ."

"ಅದೇ ಎಲ್ಲಿ?"

"ಇಲ್ಲೇ. ಹತ್ತಿರ ಆಗುತ್ತೆ, ಬಸ್ಸು ಬೇಡ, ನಡ್ಕೊಂಡು ಹೋದ್ರೆ ಪರಿಸರಕ್ಕೂ ಒಳ್ಳೇದು ಅಂದ್ರು ಸಾರ್."

ಅಕ್ಕನ ಬೆರಳು ಜಡೆಯಲ್ಲೇ ನಿಂತವು. ಹೆಡ್‌ಮಾಸ್ತರು ಬೇಕೆಂದೇ ಹೀಗೆ ಮಾಡಿದರೇ ಎಂದು ಅವಳು ಯೋಚಿಸಿದಳು. ಇಲ್ಲ. ಚೀಲ ಹಿಂದಿನ ಗೇಟು ದಾಟಿದ ಕೂಡಲೇ ಅವರ ತಲೆಯಿಂದಲೂ ದಾಟಿಹೋಗಿತ್ತು. ತಾವು ಕಳಿಸಿದ ಕಸವನ್ನು ತಾವೇ ಹುಡುಕಿಕೊಂಡು, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬರುತ್ತಿದ್ದರು, ಅಷ್ಟೆ.

ಮರುದಿನ ಅವರೇ ಕರೆದು ಹೇಳಿದರು. "ಅಕ್ಕ, ವಿಡಿಯೋದಲ್ಲಿ ನೀವೂ ಇರಿ. ಮಗಳೇ ತಾಯಿಗೆ ಅರಿವು ಮೂಡಿಸ್ತಾಳೆ. ನೋಡಿದೋರ ಕಣ್ಣಲ್ಲಿ ನೀರು ಬರ್ಬೇಕು. ಈ ಕಸ ಯಾರು ಹಾಕಿದ್ದು ಅಂತ ಕೇಳ್ತಾಳೆ. ನಾವೇ, ನಮಗೆ ತಿಳುವಳಿಕೆ ಇರಲಿಲ್ಲ ಅಂತ ಹೇಳಿ. ಇಷ್ಟೇ."

"ಆ ರಾಶಿ ನಮ್ಮದಲ್ವಲ್ಲ ಸಾರ್."

"ಅದೆಲ್ಲ ಯಾಕೆ ಅಕ್ಕ? ಒಂದು ಮಾತು. ಮಗಳು ವಿಡಿಯೋದಲ್ಲಿ ಮಿಂಚಿದ್ರೆ ಸೀಟು ಕೊಡೋಕೆ ನನಗೂ ಒಂದು ಕಾರಣ ಇರುತ್ತೆ."

ಅಕ್ಕ ಹೂಂ ಎಂದಳು. ಈ ಸಲ ಹೂಂ ಎನ್ನುವ ಸರದಿ ಅವಳದಾಗಿತ್ತು. ಮಗಳಿಗೆ ಹೇಳಿದಾಗ ಅವಳು ಪುಸ್ತಕದ ಹಾಳೆಯ ಮೂಲೆ ಮಡಚುತ್ತ ಕೂತಳು. ಕೊನೆಗೆ, "ಬೇಗ ಹೇಳಿ ಮುಗಿಸಿಬಿಡಮ್ಮ. ನಾನು ನಿನ್ನ ಮುಖ ನೋಡದೇ ಕೇಳ್ತೀನಿ," ಎಂದಳು.

ವಿಡಿಯೋದ ದಿನ ಓಣಿಗೆ ಹಸಿರು ಬಿಲ್ಲೆಗಳು ಬಂದವು. ನಲವತ್ತು ಮಕ್ಕಳು, ನಲವತ್ತು ಕರವಸ್ತ್ರ, ನಲವತ್ತು ಮೂಗು. ಮುಂದೆ ಹೆಡ್‌ಮಾಸ್ತರು, ಹಿಂದೆ ವಿಜ್ಞಾನದ ಮಿಸ್ಸು, ಪಕ್ಕದಲ್ಲಿ ಮೊಬೈಲು ಹಿಡಿದ ಕಂಪ್ಯೂಟರ್ ಮೇಷ್ಟ್ರು. ಅಜ್ಜಿ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು.

"ಅಜ್ಜಿ, ಸ್ವಲ್ಪ ಒಳಗೆ ಹೋಗ್ತೀರಾ? ಚಿತ್ರದಲ್ಲಿ ಬರ್ತೀರಿ," ಎಂದರು ಮೇಷ್ಟ್ರು.

"ನನ್ನ ಮನೆ ಬಾಗಿಲಲ್ಲಿ ನಾನು ಬರ್ದೆ ನೀವು ಬರ್ತೀರಾ? ತೆಗಿ ಮಗಾ. ಸಾಯೋದ್ರೊಳಗೆ ಒಂದು ಚಿತ್ರ ಇರ್ಲಿ."

ಮಕ್ಕಳು ಕರವಸ್ತ್ರದೊಳಗೇ ಕಿಸಕ್ಕೆಂದರು.

ಅಕ್ಕನನ್ನು ರಾಶಿಯ ಮುಂದೆ ನಿಲ್ಲಿಸಿದರು. ಒಗೆದ ಸೀರೆ ಉಟ್ಟುಕೊಂಡು ಬಂದಿದ್ದಳು. ಅದು ಬೇಡವಾಗಿತ್ತು ಎಂದು ಹೆಡ್‌ಮಾಸ್ತರ ಮುಖ ಹೇಳಿತು. ಕೈಗೆ ಒಂದು ಪೊರಕೆ ಕೊಡಿಸಿದರು. ಮಗಳು ಮೈಕು ಹಿಡಿದು ಎದುರು ನಿಂತಳು. ಶಾಲೆಯಲ್ಲಿ ಕಲಿಸಿದ ದನಿಯಲ್ಲಿ ಕೇಳಿದಳು.

"ತಾಯಿ, ಇಲ್ಲಿ ಇಷ್ಟೊಂದು ಕಸ ಹೇಗೆ ಬಂತು? ಇದನ್ನು ಯಾರು ಹಾಕಿದರು?"

ಮಗಳ ಕಣ್ಣು ಅಮ್ಮನ ಭುಜದ ಮೇಲೆ ಎಲ್ಲೋ ಇತ್ತು.

"ನಾವೇ ಹಾಕಿದ್ದು," ಎಂದಳು ಅಕ್ಕ. "ನಮಗೆ ತಿಳುವಳಿಕೆ ಇರಲಿಲ್ಲ."

ಅಷ್ಟೇ. ಹಲ್ಲು ಕೀಳಿಸಿಕೊಂಡ ಹಾಗೆ. ಒಂದು ಸಲ ನೋವು, ಆಮೇಲೆ ಬಾಯಿ ಮುಕ್ಕಳಿಸಿದರಾಯಿತು ಎಂದುಕೊಂಡಳು.

ಅಷ್ಟರಲ್ಲಿ ಹಿಂದಿನಿಂದ ಸ್ಕೂಟರೊಂದು ಗಂಟಲು ಹರಿಯುವ ಹಾಗೆ ಕಿರುಚಿಕೊಂಡು ಹೋಯಿತು. ಮೇಷ್ಟ್ರು ಮೊಬೈಲು ಕಿವಿಗಿಟ್ಟುಕೊಂಡು ತಲೆಯಾಡಿಸಿದರು. "ಏನೂ ಕೇಳಿಸ್ತಿಲ್ಲ ಸಾರ್. ಇನ್ನೊಂದು ಸಲ."

ಇನ್ನೊಂದು ಸಲ ಮಗಳು ಕೇಳಿದಳು. ಶಾಲೆಯ ದನಿ ಸ್ವಲ್ಪ ಸವೆದಿತ್ತು. ಇನ್ನೊಂದು ಸಲ ಅಕ್ಕ ಹೇಳಿದಳು. ಮೊದಲ ಸಲಕ್ಕಿಂತ ಕಷ್ಟವಾಯಿತು. ಬಾಗಿಲುಗಳಲ್ಲಿ ಓಣಿಯವರು ನಿಂತಿದ್ದರು. ಮಾತು ಬಿಟ್ಟ ಹೊಸ್ತಿಲಿನವರೂ ನಿಂತಿದ್ದರು. ನಾವೇ ಎಂದಾಗ ಆ ನಾವಿನೊಳಗೆ ಅವರೂ ಬಿದ್ದರು. ತನ್ನ ಮಗಳ ಸೀಟಿಗೆ ಓಣಿಯನ್ನೆಲ್ಲ ಕೊಟ್ಟುಬಿಟ್ಟೆ ಎನಿಸಿತು ಅವಳಿಗೆ.

"ಧ್ವನಿ ಬಂತು ಸಾರ್, ಸರಿಯಾಗಿದೆ," ಎಂದರು ಮೇಷ್ಟ್ರು.

ಹೆಡ್‌ಮಾಸ್ತರಿಗೆ ಸರಿ ಎನಿಸಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಮಾತು ಚೆನ್ನಾಗಿದೆ ಅಕ್ಕ. ಆದ್ರೆ ಪಶ್ಚಾತ್ತಾಪ ಕಾಣ್ತಿಲ್ಲ. ಹೇಳುವಾಗ ತಲೆ ಸ್ವಲ್ಪ ತಗ್ಗಿಸಿ. ಮಗಳ ಮುಂದೆ ತಪ್ಪು ಒಪ್ಕೊಳ್ಳೋ ತಾಯಿ ಹಾಗೆ. ಇನ್ನೊಂದೇ ಸಲ."

ಮಗಳು ಮೈಕು ಎತ್ತಿದಳು. ಬಾಯಿ ತೆರೆದಳು. ಪ್ರಶ್ನೆ ಬರಲಿಲ್ಲ.

"ಕೇಳಮ್ಮ," ಎಂದರು ಹೆಡ್‌ಮಾಸ್ತರು.

ಮಗಳು ಮೊದಲ ಸಲ ಅಮ್ಮನ ಮುಖ ನೋಡಿದಳು. ಹಾಲುಗಲ್ಲದ ಹುಡುಗಿಯ ಬಾಯಿ ಅಳುವ ಮೊದಲು ಹೇಗೆ ಓರೆಯಾಗುತ್ತದೋ ಹಾಗೆ ಓರೆಯಾಗಿತ್ತು. ಅಕ್ಕ ಆ ಬಾಯನ್ನು ತೊಟ್ಟಿಲಿನಿಂದ ಬಲ್ಲಳು.

ಚೀಲ ಹೊತ್ತ ಕುತ್ತಿಗೆ ಅವಳದು. ಇಷ್ಟು ದಿನ ಅಷ್ಟು ಭಾರಕ್ಕೂ ಅದು ಬಾಗಿರಲಿಲ್ಲ. ಬಾಗಿದರೆ ಚೀಲ ಬೀಳುತ್ತಿತ್ತು. ಈಗ ಬರಿದಲೆಯಲ್ಲಿ ಬಾಗು ಎನ್ನುತ್ತಿದ್ದರು.

ಬಾಗಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿದಳು. ಮಗಳ ಕೈಯ ಮೇಲೆ ಕೈಯಿಟ್ಟು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕೇಳು ಮಗಾ, ಹೇಳ್ತೀನಿ. ಇದು ನಿಮ್ಮ ಶಾಲೆ ಕಸ. ತಂದು ಹಾಕಿದ್ದು ನಾನು. ತಗೊಂಡು ಹೋಗು ಅಂದಿದ್ದು ಸಾರ್. ನಮ್ಮ ಓಣಿಯವರು ಇದರಲ್ಲಿ ಒಂದು ಚೂರೂ ಹಾಕಿಲ್ಲ. ವಾಸನೆ ಕುಡಿದಿದ್ದಾರೆ, ಅಷ್ಟೆ."

"ನಿಲ್ಸಿ, ನಿಲ್ಸಿ," ಎಂದರು ಹೆಡ್‌ಮಾಸ್ತರು. ಮೇಷ್ಟ್ರು ಗಾಬರಿಯಲ್ಲಿ ಮೊಬೈಲಿನ ಯಾವುದೋ ಗುಂಡಿ ಒತ್ತಿದರು. "ಅಕ್ಕ, ಏನಿದು? ಇನ್ನೊಂದು ಸಲ ಸರಿಯಾಗಿ ಹೇಳಿ."

"ಹೇಳ್ತೀನಿ ಸಾರ್. ಇದು ನಿಮ್ಮ ಶಾಲೆ ಕಸ."

"ಅಕ್ಕ."

"ಇನ್ನೊಂದು ಸಲ ಹೇಳ್ಲಾ? ಇವತ್ತು ಪುರುಸೊತ್ತಾಗಿದ್ದೀನಿ."

ಬಾಗಿಲಲ್ಲಿ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. ಮಕ್ಕಳು ನಗಲಿಲ್ಲ. ಮೂಗಿನಿಂದ ಕರವಸ್ತ್ರಗಳು ಒಂದೊಂದಾಗಿ ಇಳಿದವು. ಅವರು ರಾಶಿಯನ್ನು ಈಗ ಬೇರೆ ಥರ ನೋಡುತ್ತಿದ್ದರು. ಊರಿನ ಮಾಲಿನ್ಯ ಎಂದು ನೋಡಿದ್ದರಲ್ಲಿ ತಮ್ಮ ಕೈಬರಹ ಕಾಣತೊಡಗಿತ್ತು. ಅಧ್ಯಕ್ಷೆ ಒಂದು ಬಣ್ಣದ ಹಾಳೆಯನ್ನು ಕಾಲ ತುದಿಯಿಂದ ತಿರುಗಿಸಿದಳು. ಅವಳೇ ಬರೆದ ಭೂಮಿಯ ಚಿತ್ರ. ನೀಲಿ ಸಮುದ್ರದ ಮೇಲೆ ಚಹಾದ ಕಲೆ ಒಣಗಿತ್ತು. ಅವಳ ಕಿವಿ ಕೆಂಪಾಯಿತು.

ಹೆಡ್‌ಮಾಸ್ತರು ಮಕ್ಕಳನ್ನು ಸಾಲು ಮಾಡಿಸಿ ಹೊರಡಿಸಿದರು. ಹೋಗುವಾಗ ಅಕ್ಕನ ಪಕ್ಕ ನಿಂತು, ಬೇರೆಯವರಿಗೆ ಕೇಳಿಸದ ಹಾಗೆ, "ಸೀಟಿನ ವಿಷಯ ನೀವೇ ಕೆಡಿಸ್ಕೊಂಡ್ರಿ," ಎಂದರು.

ಸಂಜೆ ಮಗಳು ಸಿಟ್ಟು ಮಾಡಿಕೊಂಡಿದ್ದಳು. ಯಾರ ಮೇಲೆ ಎಂದು ಅವಳಿಗೇ ಗೊತ್ತಿರಲಿಲ್ಲ. ಪಾತ್ರೆಯನ್ನು ಕುಕ್ಕಿದಳು, ಚಾಪೆಯನ್ನು ಕುಕ್ಕಿದಳು. ಕೊನೆಗೆ ತಾನೂ ಕುಕ್ಕರಿಸಿದಳು.

"ಸೀಟು ಹೋಯ್ತಲ್ಲಮ್ಮ."

"ಹೋದ್ರೆ ಇನ್ನೊಂದು ಶಾಲೆ ನೋಡೋಣ. ಊರಲ್ಲಿ ಗುಡಿಸೋಕೆ ಶಾಲೆಗಳಿಗೇನು ಬರವಾ?"

"ನಾನು ಮೂರನೇ ಸಲ ಕೇಳಬಾರದು ಅಂತಿದ್ದೆ. ನೀನು ತಲೆ ತಗ್ಗಿಸಿದ್ರೆ ಮೈಕ್ ಬಿಸಾಕಿ ಓಡಿಹೋಗ್ಬೇಕು ಅಂತಿದ್ದೆ."

"ಮೈಕ್ ಶಾಲೆಯದು. ಒಡೆದ್ರೆ ಅದಕ್ಕೂ ನನ್ನನ್ನೇ ಹಿಡೀತಿದ್ರು," ಎಂದಳು ಅಕ್ಕ.

ಮಗಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಅತ್ತಳು. ಅಕ್ಕ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವತ್ತು ಒಂದು ಗೇಣು ದೂರ ಕೂರಲಿಲ್ಲ.

ಹೆದರಿಕೆ ಇರಲಿಲ್ಲ ಎಂದಲ್ಲ. ಬೆಳಿಗ್ಗೆ ಶಾಲೆಯ ಬಾಗಿಲು ತೆಗೆಯುವಾಗ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಆದರೂ ಎಲ್ಲ ಕೋಣೆ ಗುಡಿಸಿದಳು. ಬೀರುವಿನ ಹಿಂದೆ ಕೈ ಹಾಕಿದಳು, ಡೆಸ್ಕಿನ ತೂತು ಕೆರೆದಳು. ಕೆಲಸ ಕೆಲಸವೇ. ಹಿಂದಿನ ದಿನದ ಕಸವನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಎಳೆದುಕೊಂಡು ಹೋಗಿ, ಹೆಡ್‌ಮಾಸ್ತರ ಕೋಣೆಯ ಮುಂದಿನ ಹೂಕುಂಡಗಳ ನಡುವೆ ನಿಲ್ಲಿಸಿದಳು.

"ಇದೇನು ಇಲ್ಲಿ?" ಎಂದರು ಅವರು ಬಂದೊಡನೆ.

"ಚೀಲ ಸಾರ್."

"ಅದು ಕಾಣುತ್ತೆ. ಹಿಂದಿನ ಗೇಟಿಗೆ ಹೋಗೋದು ಇಲ್ಯಾಕೆ?"

"ಗುಡಿಸ್ತೀನಿ ಸಾರ್. ಒರೆಸ್ತೀನಿ. ಕಕ್ಕಸು ತೊಳಿ ಅಂದ್ರೆ ತೊಳೀತೀನಿ. ಓಣಿಗೆ ಹೊರಲ್ಲ."

"ಮಗಳ ವಿಷಯ ಮರ್ತುಬಿಟ್ರಾ?"

"ಅವಳ ವಿಷಯ ಮರೆಯೋಕಾಗುತ್ತಾ? ಅದಕ್ಕೇ ಹೊರಲ್ಲ ಅಂತಿರೋದು. ಹೆದರಿಸ್ಬೇಡಿ ಸಾರ್. ಹೆದರಿ ಹೆದರಿ ನನಗೂ ಬೇಜಾರಾಗಿಹೋಗಿದೆ."

ಪೊರಕೆ ತೆಗೆದುಕೊಂಡು ಪಡಸಾಲೆ ಗುಡಿಸಲು ಹೊರಟಳು. ಪಡಸಾಲೆ ಆಗಲೇ ಗುಡಿಸಿಯಾಗಿತ್ತು. ಆದರೂ ಗುಡಿಸಿದಳು.

ಚೀಲ ಮಧ್ಯಾಹ್ನದವರೆಗೂ ಅಲ್ಲೇ ನಿಂತಿತ್ತು. ಬಿಸಿಲು ಏರಿದಂತೆ ಅದೂ ತನ್ನ ಇರವನ್ನು ತಿಳಿಸತೊಡಗಿತು. ಹೆಡ್‌ಮಾಸ್ತರು ಕಿಟಕಿ ಮುಚ್ಚಿದರು. ಸೆಕೆಯಾಯಿತು. ಫ್ಯಾನು ಹಾಕಿದರು. ವಾಸನೆ ಸುತ್ತತೊಡಗಿತು. ಸ್ಪರ್ಧೆಯವರು ಯಾವ ದಿನ ಬೇಕಾದರೂ ಬರಬಹುದಿತ್ತು. ಕೊನೆಗೆ ತಡೆಯಲಾರದೆ ಎದ್ದು ಒಂಬತ್ತನೆಯ ತರಗತಿಗೆ ಹೋದರು. ವಿಜ್ಞಾನದ ಮಿಸ್ಸಿನ ಪಾಠ ನಡೆದಿತ್ತು. ಬಾಗಿಲಾಚೆ ಪಡಸಾಲೆಯಲ್ಲಿ ಅಕ್ಕನ ಪೊರಕೆ ಸರಪರ ಎನ್ನುತ್ತಿತ್ತು.

ಅವರು ಎರಡನೆಯ ಬೆಂಚಿನ ಕಡೆ ಬೆರಳು ತೋರಿಸಿದರು. "ನೀನು ಏಳು. ನಿಮ್ಮಮ್ಮನಿಗೆ ಇವತ್ತು ಹುಷಾರಿಲ್ಲ. ನನ್ನ ಕೋಣೆ ಮುಂದೆ ಚೀಲ ಇದೆ. ನೀನು ತಗೊಂಡು ಹೋಗು."

ಪೊರಕೆ ನಿಂತಿತು.

ಮಗಳು ಎದ್ದು ನಿಂತಳು. "ನಮ್ಮಮ್ಮ ಹುಷಾರಾಗಿದ್ದಾರೆ ಸಾರ್. ಅಲ್ಲೇ ಇದ್ದಾರೆ ನೋಡಿ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿ ನಗು ನುಂಗಿದರು.

"ಎದುರು ಮಾತು ಬೇಡ. ಪರಿಸರ ಸಂಘದವಳು ತಾನೇ ನೀನು? ಒಂದು ಚೀಲ ಹೊತ್ರೆ ಏನಾಗುತ್ತೆ?"

ಒಳಗೆ ನುಗ್ಗಬೇಕೆಂದು ಅಕ್ಕನ ಕಾಲು ಎದ್ದಿತು. ಆದರೆ ಮಗಳ ಬೆನ್ನು ಕಾಣುತ್ತಿತ್ತು. ನೆಟ್ಟಗಿತ್ತು. ಅಕ್ಕ ಕಾಲನ್ನು ಅಲ್ಲೇ ಊರಿದಳು.

"ಏನೂ ಆಗಲ್ಲ ಸಾರ್," ಎಂದಳು ಮಗಳು. ಅದು ಶಾಲೆಯ ದನಿಯಲ್ಲ, ಮನೆಯ ದನಿ. "ಆದ್ರೆ ಸಂಘದಲ್ಲಿ ನಾನೊಬ್ಬಳೇ ಇಲ್ಲ, ಎಲ್ಲರೂ ಇದ್ದಾರೆ. ಸರದಿ ಹಾಕಿ. ನನ್ನ ಸರದಿ ಬಂದ ದಿನ ಹೊರ್ತೀನಿ. ನಮ್ಮಮ್ಮನ ಮಗಳು ಅಂತ ಹೊರಲ್ಲ."

ಹೇಳಿ ಕೂತುಬಿಟ್ಟಳು. ಕೂರು ಎಂದು ಯಾರೂ ಹೇಳಿರಲಿಲ್ಲ.

ಹೆಡ್‌ಮಾಸ್ತರು ಮಿಸ್ಸಿನ ಕಡೆ ತಿರುಗಿದರು. ಈ ಹುಡುಗಿಗೆ ನೀವಾದರೂ ಬುದ್ಧಿ ಹೇಳಿ ಎಂಬಂತೆ. ಮಿಸ್ಸು ಬಾಗಿಲ ಕಡೆ ನೋಡಿದರು. ಅಲ್ಲಿ ಪೊರಕೆ ಹಿಡಿದು ನಿಂತ ಅಕ್ಕ ಇದ್ದಳು. ಬೆರಳಿಗೆ ಬಟ್ಟೆ ಇನ್ನೂ ಇತ್ತು.

"ಹಾಜರಿ ಪ್ರಕಾರ ಹಾಕಬಹುದು ಸಾರ್," ಎಂದರು ಮಿಸ್ಸು. ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಶಿಕ್ಷಕರದ್ದೂ ಸೇರಿಸೋಣ."

ಹೆಡ್‌ಮಾಸ್ತರು ಏನೋ ಹೇಳಲು ಹೋದರು. ಹಸಿರು ಬಿಲ್ಲೆಯ ನಲವತ್ತು ಮುಖಗಳು ಅವರನ್ನೇ ನೋಡುತ್ತಿದ್ದವು. ವರ್ಷವೆಲ್ಲ ಅವರೇ ಹೇಳಿಕೊಟ್ಟಿದ್ದರು, ಭೂಮಿ ಎಲ್ಲರದು, ಹೊಣೆಯೂ ಎಲ್ಲರದು ಎಂದು. ಈಗ ಅಲ್ಲ ಎನ್ನುವುದು ಹೇಗೆ?

"ಸರಿ. ಮೊದಲನೇ ನಂಬರು ಯಾರು?" ಎಂದರು.

ಮೊದಲ ಬೆಂಚಿನಿಂದ ಅಧ್ಯಕ್ಷೆ ಎದ್ದಳು. ಕಿವಿ ಇನ್ನೂ ಕೆಂಪಾಗಿತ್ತು. ಸಮವಸ್ತ್ರದ ತೋಳನ್ನು ಮೊಣಕೈವರೆಗೆ ಮಡಚಿಕೊಂಡಳು. ಇಸ್ತ್ರಿ ಮುರಿಯಿತು. ಬಾಗಿಲವರೆಗೆ ನಡೆದು, ಅಕ್ಕ ದಾರಿ ಬಿಟ್ಟಾಗ, ಏನೋ ಹೊಳೆದು ತಿರುಗಿ ನಿಂತಳು.

"ಸಾರ್, ಎಲ್ಲಿಗೆ ತಗೊಂಡು ಹೋಗ್ಲಿ?"

ಅವಳ ದನಿಯಲ್ಲಿ ತಂಟೆ ಇರಲಿಲ್ಲ. ಚೀಲ ಹೊರುವವಳು ಕೇಳಲೇಬೇಕಾದ ಮಾತು ಅದು.

ಹೆಡ್‌ಮಾಸ್ತರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಮಿಸ್ಸು ಕಾಯುತ್ತಿದ್ದರು. ಮಕ್ಕಳು ಕಾಯುತ್ತಿದ್ದರು. ಮಗಳು ಕೆನ್ನೆಗೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು.

ಅಕ್ಕ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಆರಾಮವಾಗಿ ನಿಂತಳು. ಅವಳಿಗೆ ಆತುರವಿರಲಿಲ್ಲ. ಸಾರ್ ಏನು ಹೇಳುತ್ತಾರೆ ಎಂದು ಕೇಳಿಕೊಂಡೇ ಹೋಗೋಣ ಎಂದುಕೊಂಡಳು.